ಕೋಳಿಗೂಡಿನ ಮೇಲಿನ ಹಾಡುಹೆಂಚು

ಕಡಲೇರಿದ ಇನ್ನೂರ ಹದಿನೇಳನೆಯ ವರ್ಷ,
ಒಣತಿಂಗಳು (ನಮ್ಮಲ್ಲಿ ಇದು ಹದಿಮೂರನೆಯದು), ಮೂರನೆಯ ದಿನ.
ಮೇಲ್‌ಗುಡ್ಡೆ: ನೀವು ಮಂಗಳೂರು ಎನ್ನುತ್ತಿದ್ದ ಊರಿನಲ್ಲಿ ಮುಳುಗದೆ ಉಳಿದ ಭಾಗ.

ಮನೆಯೊಳಗೇ ಕೂತು, ಯಾರೂ ಬೇಕೆಂದು ಕೇಳದ ಹಾಡನ್ನು ಹಿಡಿಯುತ್ತಿದ್ದ ಇಬ್ಬರು ಸ್ನೇಹಿತರಿಗೆ,

ನೀವು ಯಾರೆಂದು ನನಗೆ ಗೊತ್ತಿಲ್ಲ. ಹೆಸರು, ವಯಸ್ಸು, ಗಂಡೋ ಹೆಣ್ಣೋ, ಯಾವುದೂ ತಿಳಿಯದು. ನೀವು ಇಬ್ಬರು, ಮತ್ತು ಮನೆಯಲ್ಲೇ ಕೂತು ಸದ್ದು ಹಿಡಿಯುತ್ತಿದ್ದಿರಿ ಎನ್ನುವುದಷ್ಟೇ ಗೊತ್ತು. ಈ ಕಾಗದಕ್ಕೆ ಅಷ್ಟು ವಿಳಾಸ ಸಾಕು. ಮೊದಲು ನನ್ನ ಮಾತಿನ ಬಗ್ಗೆ ಕ್ಷಮೆ ಕೇಳಬೇಕು. ನಾವು ದಿನಾ ಆಡುವ ಕನ್ನಡದಲ್ಲಿ ಬರೆದರೆ ನಿಮಗೆ ಅರ್ಧವೂ ಅರ್ಥವಾಗಲಿಕ್ಕಿಲ್ಲ. ನಿಮ್ಮ ಕನ್ನಡವನ್ನು ನಾನು ಕಲಿತದ್ದು ಅಳಿದುಳಿದ ಕಾಗದದ ಪುಸ್ತಕಗಳಿಂದ. ಅದರಲ್ಲಿ ಅರ್ಧ ಅಡುಗೆ ಪುಸ್ತಕ, ಉಳಿದರ್ಧ ಪಂಚಾಂಗ. ಆದ್ದರಿಂದ ನಡುನಡುವೆ ಒಗ್ಗರಣೆಯ ವಾಸನೆ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇದು ನಿಮ್ಮನ್ನು ಹೇಗೆ ತಲುಪುತ್ತದೆ ಎಂದು ನನ್ನನ್ನು ಕೇಳಬೇಡಿ. ನಮ್ಮಲ್ಲಿ ಹಿಂದಂಚೆ ಎಂಬ ಕಚೇರಿ ಇದೆ. ಹೋದ ಕಾಲಕ್ಕೆ ಕಾಗದ ಬರೆಯುವವರು ಅಲ್ಲಿ ಕೊಟ್ಟು ಬರುತ್ತಾರೆ, ಬದುಕಿನಲ್ಲಿ ಒಂದೇ ಒಂದು ಸಲ. ಜನ ಅದನ್ನು ಸಾಮಾನ್ಯವಾಗಿ ಸತ್ತ ಅಜ್ಜಿಗೋ ಮುತ್ತಜ್ಜನಿಗೋ ಬರೆದು ಮುಗಿಸುತ್ತಾರೆ. ನನ್ನ ಗೆಳತಿ ಸೆವ್ರಿನ್ ತನ್ನ ಪಾಲಿನದನ್ನು, ತನ್ನ ಮುತ್ತಜ್ಜಿಗೆ ತೂತು ದೋಣಿ ಮಾರಿದ ಯಾರೋ ಒಬ್ಬನಿಗೆ ಬೈಯಲು ಖರ್ಚು ಮಾಡಿದ್ದಾಳೆ. ಅದಕ್ಕೇ ಈಗ ನನ್ನ ಕಾಗದದಲ್ಲಿ ಮೂಗು ತೂರಿಸಲು ಪಕ್ಕದಲ್ಲೇ ಕೂತಿದ್ದಾಳೆ, ಮಡಿಲಲ್ಲಿ ಮರುವಾಯಿ ಚಿಪ್ಪಿನ ಬುಟ್ಟಿ ಇಟ್ಟುಕೊಂಡು. ನನ್ನ ಹೆಸರು ವಾರಿಜಾ. ಹೆಂಚು ಒತ್ತುವುದು ನನ್ನ ಕೆಲಸ. ಸೆವ್ರಿನ್ ಮೀನು ಒಣಗಿಸುತ್ತಾಳೆ. ನಮ್ಮಿಬ್ಬರ ಮನೆಗೆ ಒಂದೇ ಗೋಡೆ.

ನಮ್ಮ ಊರಿನ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಮುಂದಿನದಕ್ಕೆ ತಲೆಬುಡ ಇರುವುದಿಲ್ಲ. ಕಡಲು ಏರಿದ ಮೇಲೆ ಕೆಳಗಿನ ಬೀದಿಗಳೆಲ್ಲ ನೀರೊಳಗೆ ಹೋದವು, ಗುಡ್ಡೆಗಳು ದ್ವೀಪಗಳಾದವು. ಒಂದು ಗುಡ್ಡೆಯಿಂದ ಇನ್ನೊಂದಕ್ಕೆ ದೋಣಿಯಲ್ಲೇ ಓಡಾಟ. ನಿಮ್ಮ ಕಾಲದ ಹೆಂಚಿನ ಕಾರ್ಖಾನೆಯೊಂದರ ಚಿಮಣಿ ಇನ್ನೂ ನೀರಿನ ನಡುವೆ ತಲೆ ಎತ್ತಿ ನಿಂತಿದೆ. ದೋಣಿ ಕಟ್ಟಲು ಅದಕ್ಕಿಂತ ಒಳ್ಳೆಯ ಗೂಟ ನಮಗೆ ಸಿಕ್ಕಿಲ್ಲ. ನೀರಿಳಿದಾಗ ಎಲ್ಲರೂ ಚಿಪ್ಪು ಆಯಲು ಇಳಿಯುತ್ತೇವೆ. ಬಿಸಿಲು ನಿಮಗಿಂತ ಜಾಸ್ತಿ, ಹಾಗಾಗಿ ಮಧ್ಯಾಹ್ನ ಇಡೀ ಊರು ಮಲಗುತ್ತದೆ. ಆ ಹೊತ್ತಿಗೆ ಬಾಗಿಲು ಬಡಿಯುವವರಿಗೆ ಇಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ.

ನೀವು ಹಾಡು, ಚಿತ್ರ, ಮಾತು ಎಲ್ಲವನ್ನೂ ಕಣ್ಣಿಗೆ ಕಾಣದ ಒಂದು ಉಗ್ರಾಣದಲ್ಲಿ ಇಡುತ್ತಿದ್ದಿರಂತೆ, ಅದಕ್ಕೆ ಮೋಡ ಎಂದು ಹೆಸರಂತೆ. ಮೋಡವನ್ನು ನಂಬಿದರೆ ಏನಾಗುತ್ತದೆ ಎಂದು ಕರಾವಳಿಯವರಿಗೆ ಬೇರೆ ಹೇಳಿಕೊಡಬೇಕೇ? ಒಂದು ದಿನ ಅದು ಖಾಲಿಯಾಯಿತು. ಆ ಕಾಲಕ್ಕೆ ನಾವು ಮಬ್ಬು ಎನ್ನುತ್ತೇವೆ. ಮಬ್ಬಿನಾಚೆಯಿಂದ ನಿಮ್ಮ ಒಂದು ಹಾಡೂ ನಮ್ಮವರೆಗೆ ಬಂದಿಲ್ಲ. ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನಾಲ್ಕು ಹರಕು ಕಾಗದ ಬಿಟ್ಟರೆ ಉಳಿದದ್ದು ಸುಟ್ಟ ಮಣ್ಣು ಮಾತ್ರ. ಹೆಂಚು ನೂರು ವರ್ಷ ನೀರಲ್ಲಿ ಬಿದ್ದಿದ್ದರೂ ಹೆಂಚೇ. ಅದನ್ನು ನೋಡಿ ನಮ್ಮ ಹಿರಿಯರು ಹಾಡನ್ನು ಹೆಂಚಿನ ಮೇಲೆ ಬರೆಯಲು ಕಲಿತರು.

ಹಾಡುಹೆಂಚು ಎಂದರೆ ಒಂದಾಳುದ್ದದ ಹಸಿ ಹೆಂಚು. ಅದನ್ನು ಜಾರುಮಣೆಯ ಮೇಲೆ ಮಲಗಿಸುತ್ತೇವೆ. ಒಬ್ಬರು ಹಿಡಿ ತಿರುಗಿಸಿ ಮಣೆಯನ್ನು ಹಿಂದೆ ಮುಂದೆ ಸರಿಸುತ್ತಿರಬೇಕು, ಇನ್ನೊಬ್ಬರು ಸೋರೆಬುರುಡೆಯ ಬಾಯಿಗೆ ಹಾಡಬೇಕು. ಬುರುಡೆಯ ತಳಕ್ಕೆ ಬಿಗಿದ ಮೀನಿನ ಚರ್ಮ ನಡುಗುತ್ತದೆ, ಅದಕ್ಕೆ ಅಂಟಿಸಿದ ಮುಳ್ಳೂ ನಡುಗುತ್ತದೆ, ಮುಳ್ಳು ಹಸಿ ಮಣ್ಣಿನಲ್ಲಿ ಗೆರೆ ಕೊರೆಯುತ್ತ ಹೋಗುತ್ತದೆ, ಉತ್ತ ಗದ್ದೆಯ ಹಾಗೆ ಸಾಲಿನ ಪಕ್ಕ ಸಾಲು. ಸಾಲು ಮುಗಿದು ತಿರುಗುವಲ್ಲಿ ಟಕ್ ಎಂದು ಒಂದು ಸದ್ದು ಉಳಿಯುತ್ತದೆ. ನಮ್ಮ ಎಲ್ಲ ಹಾಡುಗಳಲ್ಲೂ ಆ ಟಕ್ ಇದೆ, ನಮ್ಮ ತಾಳವೇ ಅದು. ಆಮೇಲೆ ಹೆಂಚನ್ನು ನೆರಳಲ್ಲಿ ಒಣಗಿಸಿ ಊರಿನ ಭಟ್ಟಿಯಲ್ಲಿ ಸುಡುತ್ತೇವೆ.

ಸುಟ್ಟಾಗ ಮಣ್ಣು ಕುಗ್ಗುತ್ತದೆ. ಹೆಂಚು ಕುಗ್ಗಿದರೆ ಅದರೊಳಗಿನ ಹಾಡೂ ಕುಗ್ಗುತ್ತದೆ. ಗೆರೆಯನ್ನು ಮತ್ತೆ ಸದ್ದಾಗಿ ಓದಿಸುವಾಗ ಬೇಗ ಬೇಗ ಓಡುತ್ತದೆ, ದನಿ ಏರುತ್ತದೆ, ಅಜ್ಜ ಹಾಡಿದ್ದು ಮೊಮ್ಮಗ ಹಾಡಿದಂತೆ ಕೇಳುತ್ತದೆ. ಇದನ್ನು ಸರಿದೂಗಿಸಲು ಹಾಡುವವರು ಮೊದಲೇ ದನಿ ಇಳಿಸಿ ನಿಧಾನವಾಗಿ ಹಾಡಬೇಕು, ಇಲ್ಲವೇ ತಿರುಗಿಸುವವರು ಹಿಡಿಯನ್ನು ಅಷ್ಟು ಬೇಗ ತಿರುಗಿಸಬೇಕು. ಇದಕ್ಕೆ ತಗ್ಗು ಎಂದು ಹೆಸರು. ತಗ್ಗನ್ನು ಇಬ್ಬರಲ್ಲಿ ಒಬ್ಬರೇ ಹೊರಬೇಕು ಎನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಪಾಠ. ಸಾಮಾನ್ಯವಾಗಿ ಅದು ಹಾಡುವವರ ಪಾಲು.

ಇನ್ನೆರಡು ಕಟ್ಟಳೆ ಹೇಳಿದರೆ ನಿಮ್ಮನ್ನು ಬಿಟ್ಟುಬಿಡುತ್ತೇನೆ. ತಿರುಗಿಸುವವರು ಕಿವಿಗೆ ಹತ್ತಿ ತುರುಕಿ ಮೇಲೆ ಮೇಣ ಮೆತ್ತಿಕೊಳ್ಳಬೇಕು. ಹಾಡು ಕಿವಿಗೆ ಬಿದ್ದರೆ ಕೈ ಅದರ ಹಿಂದೆ ಹೋಗಿ ವೇಗ ಕೆಡುತ್ತದೆ. ಅವರು ಎದುರಿಗೆ ದಾರದಲ್ಲಿ ನೇತುಹಾಕಿದ ತೂಗುಗುಂಡನ್ನೇ ನೋಡುತ್ತ ಅದರ ಓಲಾಟಕ್ಕೆ ಸರಿಯಾಗಿ ತಿರುಗಿಸಬೇಕು. ಇನ್ನೊಂದು ಬಾಯಿಕಟ್ಟು. ಮಣ್ಣು ತುಳಿದ ದಿನದಿಂದ ಊರೆದುರು ಕೇಳಿಸುವ ದಿನದವರೆಗೆ ಜೋಡಿಯವರು ಆ ಹಾಡಿನ ಬಗ್ಗೆ ಒಂದು ಮಾತೂ ಆಡಬಾರದು. ಮೀನಿನ ಬಗ್ಗೆ ಆಡಬಹುದು, ನೆರೆಹೊರೆಯವರ ಬಗ್ಗೆ ಧಾರಾಳವಾಗಿ ಆಡಬಹುದು, ಹಾಡಿನ ಬಗ್ಗೆ ಮಾತ್ರ ಇಲ್ಲ. ಆಡಿದರೆ ಹಾಡು ಮಣ್ಣಿಗೆ ಇಳಿಯುವ ಮೊದಲೇ ಬಾಯಲ್ಲಿ ಖರ್ಚಾಗಿಬಿಡುತ್ತದೆ ಎನ್ನುತ್ತಾರೆ ಹಿರಿಯರು.

ಗುಡ್ಡೆಯ ನೆತ್ತಿಯಲ್ಲಿ ಕೇಳುಮಾಡು ಇದೆ. ಮಾಡು ಎಂದರೆ ಛಾವಣಿ. ಆ ಛಾವಣಿಯ ಒಂದೊಂದು ಹೆಂಚೂ ಒಂದೊಂದು ಜೋಡಿಯ ಹಾಡು. ನಮ್ಮ ಮಕ್ಕಳು ಶ್ರುತಿ ಕಲಿಯುವುದು ಅದರ ಕೆಳಗೆ ಕೂತು. ಯಾವ ಹೆಂಚು ಅಲ್ಲಿಗೆ ಏರಬೇಕು ಎಂದು ತೀರ್ಮಾನಿಸುವವರು ಕಿವಿಚಾವಡಿಯ ಐವರು ಹಿರಿಯರು. ಒಂದು ಜೋಡಿಯ ಹೆಂಚನ್ನು ಅವರು ಮೂರು ಸಲ ಬೇಡವೆಂದರೆ ಆ ಜೋಡಿಯನ್ನೇ ಬಿಡಿಸುತ್ತಾರೆ. ಇಬ್ಬರಿಗೂ ಬೇರೆ ಬೇರೆ ಜೊತೆ ಗೊತ್ತುಮಾಡುತ್ತಾರೆ. ಆಮೇಲೆ ಅವರಿಬ್ಬರೂ ಬದುಕಿರುವವರೆಗೆ ಸೇರಿ ಹೆಂಚು ಮಾಡುವಂತಿಲ್ಲ. ಏರಿಗೆ ಎಳೆಯುವ ಎತ್ತನ್ನೂ ನೀರಿಗೆ ಎಳೆಯುವ ಕೋಣವನ್ನೂ ಒಂದೇ ನೊಗಕ್ಕೆ ಕಟ್ಟಬಾರದು ಎನ್ನುವ ಒಳ್ಳೆಯ ಉದ್ದೇಶದ ಕಟ್ಟಳೆಯೇ ಅದು. ಆದರೆ ನಮ್ಮ ಎರಡು ಹೆಂಚುಗಳನ್ನು ಅವರು ಆಗಲೇ ಬೇಡವೆಂದಿದ್ದರು.

ನಾವು ಮಾಡುತ್ತಿದ್ದದ್ದು ಎಂಥ ಹಾಡು ಎಂದು ಹೇಳಿಬಿಡುತ್ತೇನೆ. ಸೆವ್ರಿನ್‌ಳ ಅಡುಗೆಮನೆಯೇ ನಮ್ಮ ಹಾಡಿನ ಕೋಣೆ. ಮಸಾಲೆ ಕಡೆಯುವ ಕಲ್ಲಿನ ಗುರುಗುರು, ತೆಂಗಿನಕಾಯಿ ತುರಿಯುವ ಹೆರೆಮಣೆಯ ಕರಕರ, ಪಪ್ಪಾಯಿ ಎಲೆಯ ದಂಟು ಕತ್ತರಿಸಿ ಮಾಡಿದ ಪೀಪಿ, ತಾಮ್ರದ ಕೊಡಪಾನದೊಳಗೆ ಬಾಯಿಟ್ಟು ಅವಳು ಎಳೆಯುವ ಒಂದೇ ಒಂದು ಸ್ವರ. ಒಂದಾದ ಮೇಲೊಂದು, ಕೆಲವೊಮ್ಮೆ ಕೈ ಕಾಲು ಬಾಯಿ ಎಲ್ಲ ಒಟ್ಟಿಗೆ. ಪದ ಇಲ್ಲ, ರಾಗ ಎನ್ನುವಂಥದ್ದೂ ಇಲ್ಲ. ಸೆವ್ರಿನ್ ಸದ್ದು ಮಾಡುವುದು, ನಾನು ಕಿವಿಗೆ ಹತ್ತಿ ಇಟ್ಟುಕೊಂಡು ತಿರುಗಿಸುವುದು. ಹುಡುಗಿಯರಾಗಿದ್ದಾಗಿನಿಂದ ನಾವು ಹೀಗೆ ಏನೇನೋ ಹಿಡಿದು ನೋಡುತ್ತಿದ್ದೆವು. ಒಮ್ಮೆ ಒದ್ದೆ ಬಟ್ಟೆ ಒಗೆಯುವುದನ್ನು ಹಿಡಿಯಲು ಹೋಗಿ ಹೆಂಚಿನ ತುಂಬ ನೀರು ಚೆಲ್ಲಿ, ಮಣ್ಣು ಅಂಬಲಿಯಾಗಿ ಹರಿದುಹೋಯಿತು. ಅವಳ ಅಮ್ಮ ಅದೇ ಮಣ್ಣಿನಲ್ಲಿ ಒಲೆ ಸಾರಿಸಿದರು.

ಕಿವಿಚಾವಡಿಗೆ ಒಯ್ದ ಮೊದಲ ಹೆಂಚು ಓದಿಸಿದಾಗ ಜನ ನಕ್ಕರು. ತಗ್ಗು ಸಾಲದೆ ಎಲ್ಲ ಸದ್ದೂ ಮೇಲಕ್ಕೆ ಏರಿ ಅಳಿಲುಗಳ ಜಗಳದ ಹಾಗೆ ಕೇಳಿತು. ಎರಡನೆಯದಕ್ಕೆ ನಗುವವರೂ ಇರಲಿಲ್ಲ. ಚಾವಡಿಯ ಹಿರಿಯೆ ಬೀಪಾತುಮ್ಮ, ಹಲ್ಲೆಲ್ಲ ಹೋದರೂ ಕಿವಿ ಮಾತ್ರ ಸೂಜಿಯಂತಿರುವ ಹೆಂಗಸು, ನಮ್ಮನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು. "ಇನ್ನೂ ಮೇಲೆ ಹಾರಿಹೋಗ್ತಾ ಉಂಟು ಮಕ್ಕಳೇ. ತಗ್ಗು ಯಾರು ಹೊರುವುದು ಅಂತ ಸರಿ ಮಾಡಿ. ಇನ್ನೊಂದೇ ಸಲ ಇರುವುದು ನಿಮಗೆ, ನೆನಪಿಟ್ಟುಕೊಳ್ಳಿ." ನಾವು ಅದನ್ನು ಸರಿ ಮಾಡಿಕೊಳ್ಳಬೇಕಿತ್ತು, ಮಾತಾಡಿಕೊಳ್ಳಬೇಕಿತ್ತು. ಆದರೆ ಭಟ್ಟಿ ಹಚ್ಚುವ ದಿನ ಹತ್ತಿರವಿತ್ತು, ಮರುದಿನವೇ ಮಣ್ಣು ತುಳಿಯಲು ಇಳಿದೆವು. ತುಳಿದ ಕ್ಷಣದಿಂದ ಬಾಯಿಕಟ್ಟು.

ಮಳೆಗಾಲದ ಜ್ವರದ ಮೇಲೆ ಸೆವ್ರಿನ್‌ಳ ಗಂಟಲು ಮೊದಲಿನಂತಿರಲಿಲ್ಲ. ಅವಳ ದನಿ ಇನ್ನು ಇಳಿಯದು ಎಂದು ನನಗೆ ಖಚಿತವಾಗಿತ್ತು. ಹಾಗಂತ ಅವಳ ಮುಖಕ್ಕೆ ಹೇಳುವುದು ನನ್ನಿಂದಾಗದು, ಹೇಳಲು ಬಾಯಿಯೂ ಕಟ್ಟಿತ್ತು. ತಗ್ಗನ್ನು ನಾನೇ ಹೊತ್ತರಾಯಿತು ಎಂದುಕೊಂಡೆ. ತೂಗುಗುಂಡಿನ ದಾರವನ್ನು ಗಿಡ್ಡ ಮಾಡಿ ಕಟ್ಟಿದೆ. ಗುಂಡು ಬೇಗ ಓಲಾಡಿತು, ನೋಯುವ ರಟ್ಟೆಯನ್ನು ಲೆಕ್ಕಿಸದೆ ನನ್ನ ಕೈಯೂ ಬೇಗ ತಿರುಗಿತು. ನಮ್ಮ ನಡುವೆ ಇಳಿಬಿಟ್ಟ ಚಾಪೆಯ ಮರೆಯಲ್ಲಿ ಸೆವ್ರಿನ್ ಏನು ಮಾಡುತ್ತಿದ್ದಾಳೆ ಎಂದು ನನಗೆ ಕಾಣುತ್ತಲೂ ಇರಲಿಲ್ಲ, ಕೇಳುತ್ತಲೂ ಇರಲಿಲ್ಲ. ಮುಗಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಂಗುಡೆಯ ಬೆಲೆ ಏರಿದ್ದರ ಬಗ್ಗೆ ಮಾತಾಡಿದೆವು.

ಕೇಳುವ ದಿನ ಗುಡ್ಡೆಯವರೆಲ್ಲ ಬಂದಿದ್ದರು. ಅಲ್ಲಿಯ ಕ್ರಮದಂತೆ ನಮ್ಮಿಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದರು, ಜೋಡಿಯವರು ಕಣ್ಣಲ್ಲಿ ಮಾತಾಡಬಾರದು ಎಂದು. ಹೆಂಚನ್ನು ನೀರಗಾಲಿಯ ಮಣೆಯ ಮೇಲೆ ಇಟ್ಟರು. ಆ ಗಾಲಿಯ ವೇಗ ಎಂದೂ ಬದಲಾಗುವುದಿಲ್ಲ. ಗೆರೆಯ ಮೇಲೆ ಓಡಿ ಸದ್ದನ್ನು ಮರಳಿ ಹೊರಡಿಸುವ ಓದುಕೊಕ್ಕು ಸಾಲಿಗೆ ಇಳಿಯಿತು.

ಬಂದದ್ದು ನಮ್ಮ ಅಡುಗೆಮನೆಯ ಸದ್ದೇ ಅಲ್ಲ. ಹೆರೆಮಣೆ ಯಾರೋ ಮರಳಿನ ಮೇಲೆ ದೊಡ್ಡ ದೋಣಿ ಎಳೆಯುತ್ತಿರುವಂತೆ ಕೇಳಿತು. ಪಪ್ಪಾಯಿ ದಂಟಿನ ಪೀಪಿ ಎಷ್ಟು ಕೆಳಗೆ ಇಳಿದಿತ್ತೆಂದರೆ, ಅದು ಕಿವಿಗೆ ಬರುವ ಮೊದಲು ಕೂತ ಹಲಗೆಗೆ ಬಂತು. ಅದರ ಮೇಲೆ ಕೊಡಪಾನದ ಆ ಒಂದು ಸ್ವರ, ಅವಸರವೇ ಇ‌ಲ್ಲದೆ, ಸಾಲಿನ ಈ ಕೊನೆಯಿಂದ ಆ ಕೊನೆಗೆ. ನಡುವೆ ಟಕ್. ಮತ್ತೆ ಅದೇ ಸ್ವರ. ಜನ ಒಬ್ಬೊಬ್ಬರಾಗಿ ಅಂಗೈಯನ್ನು ನೆಲದ ಹಲಗೆಗೆ ಒತ್ತಿ ಹಿಡಿದರು. ಅಳುತ್ತಿದ್ದ ಒಂದು ಮಗು ಸುಮ್ಮನಾಯಿತು. ಮೊದಲ ಸಾಲು ಮುಗಿಯುವಷ್ಟರಲ್ಲಿ ನನಗೆ ಹೊಳೆದುಹೋಯಿತು: ತಗ್ಗನ್ನು ನಾನೂ ಹೊತ್ತಿದ್ದೆ, ಅವಳೂ ಹೊತ್ತಿದ್ದಳು. ಒಂದಕ್ಕೆ ಎರಡು ತಗ್ಗು. ಸಣ್ಣ ಮಕ್ಕಳೂ ಮಾಡದ ತಪ್ಪು. ನನ್ನ ಬೆನ್ನಿಗೆ ತಾಗಿದ್ದ ಅವಳ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ನನಗಂತೂ ಅಷ್ಟು ಚೆಂದದ ಸದ್ದನ್ನು ಬದುಕಿನಲ್ಲಿ ಕೇಳಿದ ನೆನಪಿಲ್ಲ.

ಓದಿ ಮುಗಿದ ಮೇಲೆ ಬೀಪಾತುಮ್ಮ ಎದ್ದು ಬಂದು ಹೆಂಚಿನ ಗೆರೆಗಳ ಮೇಲೆ ಬೆರಳಾಡಿಸಿದರು. ಆಮೇಲೆ, "ಇದು ಮಾಡಿದ್ದಾ, ಆದದ್ದಾ?" ಎಂದು ಕೇಳಿದರು. ಇದು ಚಾವಡಿಯಲ್ಲಿ ಅಪರೂಪಕ್ಕೆ ಬರುವ ಪ್ರಶ್ನೆ. ಹಸಿ ಮಣ್ಣಿನ ಮೇಲೆ ಹಲ್ಲಿ ಓಡಿದ್ದರೆ, ಭಟ್ಟಿಯಲ್ಲಿ ಹೆಂಚು ಸೊಟ್ಟಗಾಗಿದ್ದರೆ, ಅದು ಆದದ್ದು. ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಆ ಹೆಂಚನ್ನು ಅಲ್ಲೇ ಒಡೆದು ದಾರಿಗೆ ಹಾಕುತ್ತಾರೆ, ಜೋಡಿಗೆ ಇನ್ನೊಂದು ಅವಕಾಶ ಸಿಗುತ್ತದೆ. ಮಾಡಿದ್ದು ಎಂದರೆ ತೂಗುತ್ತಾರೆ. ಪ್ರಶ್ನೆಗೆ ಇಬ್ಬರೂ ಬೇರೆ ಬೇರೆಯಾಗಿ, ಒಬ್ಬೊಬ್ಬ ಹಿರಿಯರ ಕಿವಿಯಲ್ಲಿ ಉತ್ತರ ಹೇಳಬೇಕು. ಇಬ್ಬರಲ್ಲಿ ಒಬ್ಬರು ಆದದ್ದು ಎಂದರೂ ಸಾಕು, ಅದೇ ನಿಲ್ಲುತ್ತದೆ. ಬೀಪಾತುಮ್ಮ ಆ ಬಾಗಿಲು ತೆರೆದದ್ದು ಕರುಣೆಯಿಂದಲೇ ಎಂದು ನನಗೆ ಗೊತ್ತು.

ನಾನು ದೊಡ್ಡ ಧೈರ್ಯವಂತೆ ಅಲ್ಲ. ದೋಣಿ ಸ್ವಲ್ಪ ವಾಲಿದರೂ ಎಲ್ಲ ದೇವರನ್ನೂ ಕರೆಯುವವಳು. ಆ ಹೊತ್ತಿನಲ್ಲಿ ನನ್ನ ಕಣ್ಣಿಗೆ ಕಟ್ಟಿದ್ದು ಸೆವ್ರಿನ್ ಇಲ್ಲದ ಜಾರುಮಣೆ. ಇವಳಿಲ್ಲದೆ ನಾನು ಯಾರಿಗಾಗಿ ಹಿಡಿ ತಿರುಗಿಸಲಿ? ಒಂದು ಶಬ್ದ ಹೇಳಿದರೆ ಮುಗಿಯಿತು, ನಾಳೆ ಮತ್ತೆ ಅವಳ ಅಡುಗೆಮನೆ. ಆದರೆ ಆ ಶಬ್ದ ಹೇಳಿದರೆ ಈಗಷ್ಟೇ ಕೇಳಿದ್ದು ಹಲ್ಲಿ ಓಡಿದ ಗೆರೆಯ ಸಮ. ಅದು ಯಾರದ್ದೂ ಅಲ್ಲ, ಸುಮ್ಮನೆ ಆಗಿಹೋದದ್ದು. ದಾರ ಕಟ್ಟಿದ ಕೈ ನನ್ನದು, ದನಿ ಇಳಿಸಿದ ಗಂಟಲು ಅವಳದು. ಹೆತ್ತ ಕೂಸನ್ನು ದಾರಿಯಲ್ಲಿ ಸಿಕ್ಕಿದ್ದು ಎನ್ನಲು ನನಗೆ ಬಾಯಿ ಬರಲಿಲ್ಲ. ನಾನು ಹಿರಿಯರ ಕಿವಿಗೆ ಬಗ್ಗಿ "ಮಾಡಿದ್ದು" ಎಂದೆ. ನನ್ನ ಬೆನ್ನ ಹಿಂದೆ ಸೆವ್ರಿನ್ ಏನು ಹೇಳಿದಳೆಂದು ಕೇಳಿಸಲಿಲ್ಲ. ಅವಳು ನನ್ನನ್ನು ಉಳಿಸಿಕೊಳ್ಳಲು ಇನ್ನೊಂದು ಶಬ್ದ ಹೇಳಿರಬಹುದು ಎಂದು ಹೆದರಿದೆ. ಹೇಳಿರಲಿ ಎಂದೂ ಒಂದು ಗಳಿಗೆ ಆಸೆಪಟ್ಟೆ.

"ಇಬ್ಬರೂ ಮಾಡಿದ್ದು ಅಂತ ಹೇಳಿದ್ದಾರೆ" ಎಂದರು ಬೀಪಾತುಮ್ಮ. ಅವರ ದನಿ ಸ್ವಲ್ಪ ಸೋತಿತ್ತು. "ಹಾಗಾದ್ರೆ ನಾವು ತೂಗ್ಲೇಬೇಕು."

ಆ ಕ್ಷಣದ ಹೆಮ್ಮೆಯನ್ನು ನಾನು ಈ ಕಾಗದದಲ್ಲಿ ಹೇಗೆ ಇಡಲಿ? ನನ್ನ ಉತ್ತರದ ಹೆಮ್ಮೆಯಲ್ಲ, ಅವಳ ಉತ್ತರದ್ದು. ನನ್ನ ಜೊತೆಯನ್ನು ಕಳೆದುಕೊಂಡರೂ ಸರಿ, ನಾವು ಸೇರಿ ಮಾಡಿದ್ದನ್ನು ಅವಳು ಬಿಟ್ಟುಕೊಡಲಿಲ್ಲ. ನನ್ನ ಎದೆ ಆವತ್ತು ಉಬ್ಬಿದ್ದು ಇನ್ನೂ ಪೂರ್ತಿ ಇಳಿದಿಲ್ಲ. (ಸೆವ್ರಿನ್ ಇದನ್ನು ಓದಿ, "ಜಾಸ್ತಿ ಆಯ್ತು, ಸ್ವಲ್ಪ ಕಡಿಮೆ ಮಾಡು" ಎನ್ನುತ್ತಿದ್ದಾಳೆ. ನಾನು ಮಾಡುವುದಿಲ್ಲ.)

ತೂಗಿದರು. ಬೇಡವೆಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಮಾತಿನಲ್ಲೂ ನ್ಯಾಯವಿತ್ತು. "ಚಂದ ಉಂಟು. ಇಲ್ಲಾಂತ ಹೇಳಿದ್ರೆ ನನ್ನ ನಾಲಿಗೆಗೆ ಹುಳ ಬಿದ್ದೀತು" ಎಂದರು ಬೀಪಾತುಮ್ಮ. "ಆದ್ರೆ ಮಕ್ಕಳು ಈ ಮಾಡಿನ ಕೆಳಗೆ ಶ್ರುತಿ ಕಲಿಯುವುದು. ಇದನ್ನು ಕೇಳಿ ಕಲಿತ್ರೆ ಅವರು ನಾಳೆ ಯಾರ ಜೊತೆ ಹಾಡುವುದು?" ಆಮೇಲೆ ಕ್ರಮದಂತೆ ನಮ್ಮ ಜೋಡಿಯ ಮುಳ್ಳನ್ನು, ಇಷ್ಟು ವರ್ಷ ನಮ್ಮ ಗೆರೆಗಳನ್ನೆಲ್ಲ ಕೊರೆದ ಆ ಒಂದೇ ಮುಳ್ಳನ್ನು ಹಿಂದಕ್ಕೆ ಕೇಳಿದರು. ಸೆವ್ರಿನ್ ಸೆರಗಿನ ಗಂಟಿನಿಂದ ಬಿಚ್ಚಿ ಅವರ ಕೈಯಲ್ಲಿಟ್ಟಳು. "ತಗೊಳ್ಳಿ. ಅದು ಮೊಂಡಾಗಿ ಸುಮಾರು ದಿನ ಆಯ್ತು" ಎಂದಳು. ಊರೆದುರು ಅವಳ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಮನೆಯ ದಾರಿಯಲ್ಲಿ ಬಂತು.

ಆ ದಾರಿಯಲ್ಲೇ ನಮ್ಮ ಬಾಯಿಕಟ್ಟು ಬಿಚ್ಚಿದ್ದು. "ದಾರ ಗಿಡ್ಡ ಮಾಡಿದ್ದು ನೀನಲ್ವಾ?" ಎಂದು ಕೇಳಿದಳು. ಹೌದೆಂದೆ. ದನಿ ಇಳಿಸಲು ಅವಳು ಏನು ಮಾಡಿದಳೆಂದು ಕೇಳಿದೆ. "ಮತ್ತೆಂತ ಮಾಡುವುದು ಮಾರಾಯ್ತಿ? ನಿನ್ನ ರಟ್ಟೆ ನೋವು ನೋಡ್ಲಿಕ್ಕೆ ಆಗ್ತದಾ? ಬೇಗ ತಿರುಗಿಸ್ಲಿಕ್ಕೆ ನಿನ್ನಿಂದ ಆಗ್ಲಿಕ್ಕಿಲ್ಲ ಅಂತ ನಾನು ನೀರಿಳಿದಾಗೆಲ್ಲ ಬಂಡೆ ಹಿಂದೆ ಹೋಗಿ ಕೊಡಪಾನಕ್ಕೆ ಗಲ್ಲ ಒತ್ತಿ ಒತ್ತಿ ಅಭ್ಯಾಸ ಮಾಡಿದ್ದು. ಊರಿನವರೆಲ್ಲ ನನಗೆ ಮಂಡೆ ಸಮ ಇಲ್ಲ ಅಂತ ಮಾತಾಡಿಕೊಂಡ್ರು!" ನಾವು ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಿದ್ದಂತೆ ನನಗೆ ಅಳು ಬಂತು, ಅವಳಿಗೂ ಬಂತು. ಹೆಂಚು ನಮ್ಮಿಬ್ಬರ ಮಡಿಲ ಮೇಲೆ ಅಡ್ಡವಾಗಿ ಮಲಗಿತ್ತು.

ಬೇಡವಾದ ಹೆಂಚು ಮಾಡಿದವರದು. ಚೆನ್ನಾಗಿ ಸುಟ್ಟ ಹೆಂಚನ್ನು ಮೂಲೆಗೆ ಒರಗಿಸಿಡುವುದು ಹೆಂಚಿನವರಿಗೆ ಪಾಪ, ಅದು ಯಾವುದಾದರೂ ಛಾವಣಿಗೆ ಏರಲೇಬೇಕು. ಸೆವ್ರಿನ್‌ಳ ಕೋಳಿಗೂಡಿಗೆ ಒಂದು ಹೆಂಚು ಬೇಕಿತ್ತು. ಈಗ ಅದು ಅಲ್ಲಿದೆ. ಮೊದಲ ವಾರ ಯಾರೋ ಒಬ್ಬಳು ಕೈ ಓದುಕೊಕ್ಕು ಹಿಡಿದುಕೊಂಡು, ಮೊಟ್ಟೆ ಕೊಳ್ಳುವ ನೆಪದಲ್ಲಿ ಬಂದಳು. ಆಮೇಲೆ ನೆಪವಿಲ್ಲದೆಯೂ ಬರತೊಡಗಿದರು. ಕೋಳಿಗಳಿಗೆ ಅಭ್ಯಾಸವಾಗಿದೆ, ಓದುಕೊಕ್ಕು ಸಾಲಿಗೆ ಇಳಿದರೆ ಸುಮ್ಮನೆ ಕೂರುತ್ತವೆ. ಮೊನ್ನೆ ಬೀಪಾತುಮ್ಮ ಬಂದಿದ್ದರು. ಗೂಡಿನ ಗೋಡೆಗೆ ಅಂಗೈ ಒತ್ತಿ ಕೊನೆಯ ಸಾಲಿನವರೆಗೂ ನಿಂತಿದ್ದು, ಹೋಗುವಾಗ ಮೊಟ್ಟೆಯನ್ನೂ ಕೊಂಡು ಹೋದರು.

ನನಗೆ ಚಾವಡಿ ಕೊಟ್ಟ ಹೊಸ ಜೊತೆ ಲೋಕಯ್ಯ. ಒಳ್ಳೆಯ ಮನುಷ್ಯ. ಉಗುರು ಶುಚಿ, ಶ್ರುತಿ ಶುಚಿ, ಹೇಳಿದ ಹೊತ್ತಿಗೆ ಸರಿಯಾಗಿ ಬರುತ್ತಾನೆ. ಒದ್ದೆ ಬಟ್ಟೆಯ ಸದ್ದು ಹಿಡಿಯೋಣವೇ ಎಂದು ಕೇಳಿದರೆ, "ಅದರಲ್ಲಿ ರಾಗ ಎಂತದ್ದು ಅಕ್ಕಾ?" ಎನ್ನುತ್ತಾನೆ. ಅವನ ಜೊತೆ ಮಾಡಿದ ಹೆಂಚು ಮೊದಲ ಸಲಕ್ಕೇ ಕೇಳುಮಾಡಿಗೆ ಏರಿತು. ಅದು ಎಲ್ಲಿದೆ ಎಂದು ನಾನು ತಲೆ ಎತ್ತಿ ನೋಡಲೂ ಹೋಗಿಲ್ಲ.

ಸೆವ್ರಿನ್ ಜೊತೆ ಗಂಜಿ ಉಣ್ಣಬಹುದು, ಜಗಳ ಆಡಬಹುದು, ಚಿಪ್ಪು ಆಯಬಹುದು. ಮುಳ್ಳು ಹಿಡಿದು ಅವಳ ಅಡುಗೆಮನೆಗೆ ಹೋಗುವಂತಿಲ್ಲ. ಅವಳು ಕಲ್ಲಿನಲ್ಲಿ ಕಡೆಯುವ ಸದ್ದು ಗೋಡೆಯಾಚೆಯಿಂದ ಬಂದಾಗ ನನ್ನ ಬಲಗೈ ತಾನಾಗಿ ತಿರುಗುತ್ತದೆ. ಇದು ನೋವು, ಇಲ್ಲವೆನ್ನುವುದಿಲ್ಲ. ಆದರೆ ಆ ದಿನ ಮತ್ತೆ ಬಂದರೂ ನಾನು ಹಿರಿಯರ ಕಿವಿಗೆ ಬಗ್ಗಿ ಅದನ್ನೇ ಹೇಳುತ್ತೇನೆ.

ಈಗ ನಿಮ್ಮ ವಿಷಯ. ಮೀನು ಸುತ್ತಿದ ಕಟ್ಟೊಂದರ ಒಳಪದರದಲ್ಲಿ ನಿಮ್ಮ ಕಾಲದ ವಾರಪತ್ರಿಕೆಯ ಹಾಳೆಯೊಂದು ಸಿಕ್ಕಿತ್ತು. ಅದರಲ್ಲಿ ಇಬ್ಬರು ಸ್ನೇಹಿತರ ಬಗ್ಗೆ ಬರೆದಿತ್ತು. ಹೆಸರಿದ್ದ ಮೂಲೆ ಹರಿದಿತ್ತು. ಅವರು ಬಟ್ಟೆಯ ಕಪಾಟಿನೊಳಗೆ ಕಂಬಳಿ ಹೊದ್ದು ಕೂತು, ಕುಕ್ಕರ್ ಎಂಬ ಪಾತ್ರೆಯ ಸೀಟಿಯನ್ನೂ ಬಕೆಟ್ಟಿನ ಬಡಿತವನ್ನೂ ಸೇರಿಸಿ ಹಾಡು ಹಿಡಿಯುತ್ತಿದ್ದರಂತೆ. ಕೇಳುವವರು ಬೆರಳೆಣಿಕೆಯ ಜನ. ಓದುತ್ತ ನಾನು ಸೆವ್ರಿನ್‌ಳನ್ನು ಕೂಗಿ ಕರೆದೆ. ನೋಡು, ನಮ್ಮ ಕುಲದವರು ಎಂದೆ. ಕೊನೆಯ ಸಾಲಿನಲ್ಲಿ ಮಾತ್ರ ಹೀಗಿತ್ತು: ಈಗ ಇಬ್ಬರೂ ಅವರವರ ಕೆಲಸಗಳಲ್ಲಿ ಮುಳುಗಿದ್ದಾರೆ, ಒಟ್ಟಿಗೆ ಕೂರದೆ ಬಹಳ ಕಾಲವಾಯಿತು.

ಆ ಸಾಲನ್ನು ನಾವು ಎರಡು ಸಲ ಓದಿದೆವು. ಸೆವ್ರಿನ್ ಕೇಳಿದ್ದು ಒಂದೇ ಪ್ರಶ್ನೆ: "ಯಾರು ಬಿಡಿಸಿದ್ದು ಅವರನ್ನು?" ಹಾಳೆಯ ಹಿಂದೆ ಮುಂದೆ ಹುಡುಕಿದೆವು. ಯಾವ ಚಾವಡಿಯ ಹೆಸರೂ ಇರಲಿಲ್ಲ, ಜಗಳದ ಸುದ್ದಿಯೂ ಇರಲಿಲ್ಲ. ಯಾರೂ ಬಿಡಿಸಿರಲಿಲ್ಲ.

ನಿಮ್ಮ ಹಾಡು ನಮ್ಮವರೆಗೆ ಬಾರದಿದ್ದರೂ ಚಿಂತೆಯಿಲ್ಲ. ಇಬ್ಬರು ಒಂದು ಮನೆಯ ಮೂಲೆಯಲ್ಲಿ ಕೂತು ಸದ್ದು ಹಿಡಿಯುವ ಚಾಳಿ ಬಂದಿದೆ, ನಮಗೆ ಅದೇ ಆಸ್ತಿ. ನಿಮ್ಮಲ್ಲಿ ಕಿವಿಚಾವಡಿ ಇಲ್ಲ. ನೂರು ಜನ ಬೇಡವೆಂದರೂ ಮರುದಿನ ಅದೇ ಸ್ನೇಹಿತನ ಪಕ್ಕ ಕೂರಬಹುದು. ನಿಮ್ಮ ಮುಳ್ಳನ್ನು ಯಾರೂ ಹಿಂದಕ್ಕೆ ಕೇಳುವುದಿಲ್ಲ. ಆದ್ದರಿಂದ ನನ್ನ ಬದುಕಿನ ಒಂದೇ ಕಾಗದದಲ್ಲಿ ನಿಮ್ಮನ್ನು ಒಂದೇ ಒಂದು ಕೇಳಿಕೊಳ್ಳುತ್ತೇನೆ. ಇದನ್ನು ಓದಿ ಮಡಚಿಟ್ಟ ಮೇಲೆ ಎದ್ದು, ಆ ಸ್ನೇಹಿತನ ಮನೆಗೆ ಹೋಗಿ. ಏನು ಮಾಡುವುದೆಂದು ಗೊತ್ತಿಲ್ಲದಿದ್ದರೂ ಹೋಗಿ. ನನ್ನ ಗೆಳತಿಯ ಅಡುಗೆಮನೆ ಒಂದೇ ಗೋಡೆಯ ಆಚೆ ಇದೆ, ಮುಳ್ಳು ಹಿಡಿದು ನಾನು ಹೋಗುವಂತಿಲ್ಲ. ನೀವು ಹೋಗಬಹುದು.

ನಿಮ್ಮ ಮುಂದಿನವಳು,
ವಾರಿಜಾ

ಓದಿ, ತಿದ್ದಿ, ಒಪ್ಪಿದವಳು,
ಸೆವ್ರಿನ್